ಹದ್ದಿನ ಗೂಡಿನ ‘ಗ್ರೀನರಿ’ಗೆ ಸೊಪ್ಪು ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಒಂದು ಪದಕ್ಕೆ ಎರಡು ದಿನದಿಂದ ಒದ್ದಾಡ್ತಿದೀನಿ. ಬೇಟೆ ಹಕ್ಕಿಗಳ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಿದೀನಿ, ಹದ್ದು ಗಿಡುಗ ಇವೆಲ್ಲ ಒಣಕಡ್ಡಿ ಅಟ್ಟಣೆ ಕಟ್ಟಿ ಮುಗಿದ ಮೇಲೂ, ಮರಿ ಆದ ಮೇಲೂ, ಎಲೆ ಸಮೇತ ಟೊಂಗೆ ಮುರ್ಕೊಂಡು ಬಂದು ಗೂಡಿಗೆ ಹಾಕ್ತಾನೇ ಇರ್ತವೆ ಅಂತ ಅದರಲ್ಲಿ ಬರುತ್ತೆ. ಇಂಗ್ಲಿಷಲ್ಲಿ ‘ಗ್ರೀನರಿ’ ಅಂದು ಕೈತೊಳ್ಕೊಂಡಿದಾರೆ.

ಮೊದಲು ‘ಸೊಪ್ಪು’ ಅಂತ ಬರೆದೆ. ಓದಿ ಮನೆಯವಳು, ಹದ್ದು ಬಸ್ಸಾರು ಮಾಡುತ್ತೇನ್ರೀ ಅಂದ್ಲು. ನಮ್ಮ ಮಂಡ್ಯ ಕಡೆ ಸೊಪ್ಪು ಅಂದ್ರೆ ಮೊದಲು ನೆನಪಾಗೋದೇ ಅಡುಗೆ, ಆದ್ರೆ ಮಲೆನಾಡಿನೋರಿಗೆ ಕೊಟ್ಟಿಗೆಗೆ ಹಾಸೋದೂ ಸೊಪ್ಪೇ, ಸೊಪ್ಪಿನಬೆಟ್ಟ ಅಂತ ಕಾಡಿಗೇ ಹೆಸರಿದೆಯಲ್ಲ. ಸಗಣಿ ಮೇಲೆ ಹೊಸ ಸೊಪ್ಪು ಹಾಸೋ ಹಾಗೆ ಗೂಡಲ್ಲಿ ಮಾಂಸದ ಚೂರು, ಹಿಕ್ಕೆ ಮುಚ್ಚೋಕೆ ಎಲೆ ಹಾಕ್ತವೆ ಅನ್ನೋರೂ ಇದಾರೆ, ಹಾಗಿದ್ರೆ ‘ಹಾಸುಸೊಪ್ಪು’ ಸರಿಹೋಗುತ್ತೆ.

ತೊಂದ್ರೆ ಏನಂದ್ರೆ ಪದ ಆರಿಸಿದ ತಕ್ಷಣ ಕಾರಣನೂ ಆರಿಸಿದ ಹಾಗಾಗುತ್ತೆ. ‘ತೋರಣ’ ಅಂದ್ರೆ ಈ ಗೂಡಲ್ಲಿ ಸಂಸಾರ ಇದೆ, ಹತ್ರ ಬರಬೇಡಿ ಅನ್ನೋ ಗುರುತು, ಅದೂ ಒಂದು ವಾದ. ಸ್ಪೇನಿನ ಡೊನ್ಯಾನಾ ರಾಷ್ಟ್ರೀಯ ಉದ್ಯಾನದಲ್ಲಿ ಕರಿ ಹದ್ದುಗಳು ಗೂಡಿಗೆ ಬಿಳಿ ಪ್ಲಾಸ್ಟಿಕ್ ಸಿಕ್ಸೋದೂ ಇಂಥ ಗುರುತೇ, ಗಟ್ಟಿ ಜೋಡಿಗಳೇ ಜಾಸ್ತಿ ಸಿಕ್ಸ್ತವೆ ಅಂತ 2011ರಲ್ಲಿ ತೋರಿಸಿದಾರೆ. ಎಲೆ ಅಲ್ಲ ಬಿಡಿ, ಆದ್ರೂ. ಇನ್ನು ಹುಳಹುಪ್ಪಟೆ ಓಡಿಸೋಕೆ ಅನ್ನೋ ವಾದ. ಹಳೇ ಗೂಡನ್ನೇ ಮತ್ತೆ ಮತ್ತೆ ಬಳಸೋ ಜಾತಿಗಳೇ ಎಲೆ ತರೋದು ಜಾಸ್ತಿ ಅಂತ 1984ರಲ್ಲೇ ಒಬ್ರು ಗಮನಿಸಿದ್ರು, ಹಳೇ ಗೂಡಲ್ಲಿ ತಾನೇ ಉಣ್ಣೆ ಚಿಗಟ ಸೇರ್ಕೊಳ್ಳೋದು. ಸ್ಪೇನಲ್ಲೇ ಬೊನೆಲ್ಲಿ ಹದ್ದಿನ ಗೂಡುಗಳಲ್ಲಿ ಪೈನ್ ಟೊಂಗೆ ಜಾಸ್ತಿ ಇದ್ದ ಕಡೆ ರಕ್ತ ಹೀರೋ ನೊಣದ ಮರಿಹುಳ ಕಮ್ಮಿ ಸಿಕ್ಕಿವೆ. ನಮ್ಮಲ್ಲಿ ಅಕ್ಕಿ ಡಬ್ಬಕ್ಕೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕೋ ಲೆಕ್ಕ.

ಆದ್ರೆ ಅಮ್ಮ ಆದ ಮನೆ ಬಾಗ್ಲಿಗೆ ಸಿಕ್ಸೋ ಬೇವಿನ ಸೊಪ್ಪು? ಅದು ಮದ್ದೂ ಹೌದು, ಒಳಗೆ ಬರಬೇಡಿ ಅನ್ನೋ ಬೋರ್ಡೂ ಹೌದು. ಹದ್ದಿಗೂ ಎರಡೂ ಇರಬಹುದಲ್ವಾ, ಅದಕ್ಕೇ ಹಾಸು, ತೋರಣ ಎರಡೂ ಬಿಟ್ಟೆ.

ಇನ್ನೊಂದು, ‘ಹಸಿರು’ ಅಂತಲೂ ಬರೆಯೋಕೆ ಮನಸ್ಸಿಲ್ಲ, ಅದು ಬಣ್ಣದ ಮಾತಾಯ್ತು. ಒಣಗಿದ್ರೆ ವಾಸನೆ ಹೋಗುತ್ತೆ, ಬಾಡಿದ ಎಲೆ ಗುರುತಿಗೂ ಬರಲ್ಲ, ಅದಕ್ಕೇ ಇರಬೇಕು ಅವು ಮತ್ತೆ ಮತ್ತೆ ಹೊಸದು ತರೋದು. ಹಸಿ, ಹಸಿರು ಒಂದೇ ಬೇರಿನವಾದ್ರೂ ಇಲ್ಲಿ ಬೇಕಿರೋದು ‘ಹಸಿ’. ಸದ್ಯಕ್ಕೆ ‘ಹಸಿಸೊಪ್ಪು’ ಅಂತ ಹಾಕಿದೀನಿ, ಅರ್ಧ ಮನಸ್ಸಿಂದ.

ನಿಮ್ಮ ಕಡೆ ಮರ ಹತ್ತಿ ಜೇನು ಕೀಳೋರು, ಹಳೇ ಕಾಲದ ಶಿಕಾರಿಯೋರು ಗೂಡಿನ ಈ ಎಲೆಗೆ ಬೇರೆ ಏನಾದ್ರೂ ಹೇಳ್ತಿದ್ರಾ? ಕರಾವಳಿ, ಕಲ್ಯಾಣ ಕರ್ನಾಟಕದೋರೂ ಹೇಳಿ.