ಊರಿನ ಸಮುದಾಯ ಭವನ: ಬಾಡಿಗೆ ಎಷ್ಟಿಡೋದು, ಮಳೆಗಾಲ ದಾಟಿಸೋದು ಹೇಗೆ?

ಹೊಸನಗರದ ಕಡೆಯವ:
ನಮ್ಮ ಭವನದಲ್ಲಿ 300 ಜನ ಕೂರಬಹುದು. ಮುಖ್ಯ ಕಟ್ಟಡಕ್ಕೆ ಮಂಗಳೂರು ಹೆಂಚು, ಊಟದ ಹಾಲಿಗೆ ಶೀಟು. ನಡೆಸೋದೆಲ್ಲ ಊರವರೇ, ಸಂಬಳಕ್ಕೆ ಯಾರೂ ಇಲ್ಲ. ದಿನದ ಬಾಡಿಗೆ ಹೊರಗಿನವರಿಗೆ ₹3,000, ಊರವರಿಗೆ ₹1,500. ವರ್ಷಕ್ಕೆ 25 ಬುಕಿಂಗ್ ಸಿಗ್ತವೆ, ಅದರಲ್ಲಿ 15 ಊರವರದ್ದೇ. ಹೆಚ್ಚಿನವು ಫೆಬ್ರವರಿಯಿಂದ ಮೇ ಒಳಗೆ. ಆಷಾಢ ಬರೋ ಹೊತ್ತಿಗೆ ಖಾತೆ ಖಾಲಿ, ಕರೆಂಟ್ ಬಿಲ್ಲಿಗೂ ಚಂದಾ ಎತ್ತಬೇಕು. ಬಾಡಿಗೆ ಯಾವ ಲೆಕ್ಕದಲ್ಲಿ ಇಡಬೇಕು? ಶೀಟಿನ ಮಾಡು (ಛಾವಣಿ) ಸೋರ್ತಿದೆ, ಅದಕ್ಕೆ ಅನುದಾನ ಸಿಗ್ತದಾ? ಸಂಘ ನೋಂದಣಿ ಆಗಿದೆ, ಆದರೆ ನಾಲ್ಕು ವರ್ಷದ ಲೆಕ್ಕ ಸಲ್ಲಿಸೋದು ಬಾಕಿ ಇದೆ.

ಲೆಕ್ಕದ ಪುಸ್ತಕ:
ಪಕ್ಕದೂರಿನ ಭವನ ಎಷ್ಟು ತಗೊಳ್ತದೆ ಅಂತ ನೋಡಿ ಬಾಡಿಗೆ ಇಡಬೇಡಿ. ಒಂದೂ ಕಾರ್ಯಕ್ರಮ ನಡೆಯದಿದ್ದರೂ ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತದೆ ಅಂತ ಮೊದಲು ಬರೆಯಿರಿ. ವಿದ್ಯುತ್ ಕಂಪನಿ ಮೆಸ್ಕಾಂನ ನಿಗದಿತ ಶುಲ್ಕ (ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳು ತಿಂಗಳೂ ಬರುತ್ತದೆ, ದೀಪ ಹಾಕದಿದ್ದರೂ), ಪಂಚಾಯ್ತಿ ತೆರಿಗೆ, ವಿಮೆ, ಆಡಿಟ್, ಪಂಪ್ ರಿಪೇರಿ, ಮಾಡಿನ ಕೆಲಸ. ಸುಣ್ಣಬಣ್ಣ ಮೂರು ವರ್ಷಕ್ಕೊಮ್ಮೆ ಆದರೂ ಅದರ ಮೂರನೇ ಒಂದು ಪಾಲನ್ನು ಪ್ರತಿ ವರ್ಷ ಹಿಡಿಯಬೇಕು.

ಇದೆಲ್ಲ ₹1,10,000 ಆಯಿತು ಅಂದುಕೊಳ್ಳಿ. ಅದನ್ನು 25ರಿಂದ ಭಾಗಿಸುವಲ್ಲೇ ಎಲ್ಲರೂ ಎಡವೋದು. ನಿಮ್ಮ 15 ಬುಕಿಂಗ್ ಅರ್ಧ ದರದವು, ಅಂದರೆ ಏಳೂವರೆ ದಿನಕ್ಕೆ ಸಮ. ಒಟ್ಟು ಸಿಗೋದು ಹದಿನೇಳೂವರೆ ಪೂರ್ತಿ ದಿನ. ಭಾಗಿಸಿದರೆ ದಿನಕ್ಕೆ ₹6,285. ಈಗ ಬರ್ತಿರೋದು ವರ್ಷಕ್ಕೆ ₹52,500 ಮಾತ್ರ, ಅರ್ಧಕ್ಕಿಂತ ಕಡಿಮೆ. ಹೊರಗಿನವರಿಗೆ ₹7,000, ಊರವರಿಗೆ ₹3,500 ಮಾಡಿದರೆ ₹1,22,500 ಆಗುತ್ತದೆ. ಆದರೆ ಊರವರ ದರ ಮನೆಯಂಗಳದಲ್ಲಿ ಶಾಮಿಯಾನ ಹಾಕಿಸೋ ಖರ್ಚನ್ನು ಮೀರಬಾರದು. ಮೀರಿದರೆ ಸೀಮಂತ, ಉಪನಯನ ಎಲ್ಲ ಅಂಗಳಕ್ಕೇ ವಾಪಸ್.

ಕರೆಂಟನ್ನು ಬಾಡಿಗೆಯಲ್ಲಿ ಸೇರಿಸಬೇಡಿ. ಕೀಲಿಕೈ ಕೊಡುವಾಗ ಮೀಟರ್ ಓದಿ ರಸೀದಿಯಲ್ಲಿ ಬರೆಯಿರಿ, ವಾಪಸ್ ಪಡೆಯುವಾಗ ಮತ್ತೆ ಓದಿ, ಯೂನಿಟ್ ಲೆಕ್ಕದಲ್ಲಿ ವಸೂಲಿ ಮಾಡಿ. ಪಾತ್ರೆಗೂ ಹಾಗೇ: ಹಂಡೆ, ಕಡಾಯಿ, ಬೋಗುಣಿ, ಸೌಟು, ಜಾಲರಿ ಒಂದೊಂದಕ್ಕೂ ಹೆಸರು, ನಂಬರ್ ಕೊರೆಸಿ ಪಟ್ಟಿ ಕೊಡಿ. ದೊಡ್ಡ ಹಂಡೆ ಯಾವತ್ತೂ ಕಳೆಯೋದಿಲ್ಲ, ಮಾಯವಾಗೋದು ಸೌಟುಗಳೇ. ಡಿಪಾಸಿಟ್ಟು ಬೇರೆ ಖಾತೆಯಲ್ಲಿರಲಿ, ಅದು ನಿಮ್ಮ ಹಣವಲ್ಲ. ಕ್ಯೂಆರ್ ಕೋಡ್ ಸಂಘದ ಖಾತೆಯದ್ದಾಗಿರಲಿ, ಕಾರ್ಯದರ್ಶಿಯ ಸ್ವಂತ ಫೋನಿನದ್ದು ಬೇಡವೇ ಬೇಡ.

ಜಿಎಸ್‌ಟಿ ಬಗ್ಗೆ ಯಾರಾದರೂ ಹೆದರಿಸಿದರೆ: ಸೇವೆಗಳಿಗೆ ನೋಂದಣಿ ಮಿತಿ ವರ್ಷಕ್ಕೆ ₹20 ಲಕ್ಷ. ನೀವು ಅದರ ಹತ್ತಿರಕ್ಕೂ ಇಲ್ಲ.

ಮಾಡು-ದಂಬೆ:
ಮಳೆಗಾಲದ ಖರ್ಚು ಕಮ್ಮಿ ಆಗಬೇಕಾದರೆ ಮೇ ತಿಂಗಳಲ್ಲೇ ಕೆಲಸ ಆಗಬೇಕು ಮಾರಾಯ್ರೆ. ಮೇ ಪೂರ್ತಿ ಮದುವೆ, ಮಾಡು ಹತ್ತೋಕೆ ದಿನವೇ ಸಿಗೋದಿಲ್ಲ. ವರ್ಷದ ಶುರುವಿನಲ್ಲೇ ಮೇ ಮೊದಲ ವಾರದ ಮೂರು ದಿನ ಭವನದ ಹೆಸರಿಗೇ ಬುಕ್ ಮಾಡಿಡಿ.

ಶೀಟು ಸೋರೋದು ಹೆಚ್ಚಾಗಿ ಸ್ಕ್ರೂ ಇರೋ ಜಾಗದಲ್ಲಿ. ಬಿಸಿಲಿಗೆ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಡ್ತದೆ, ತೂತು ಅಗಲ ಆಗ್ತದೆ. ಅದರ ಮೇಲೆ ಟಾರು ಬಳಿದರೆ ಒಂದು ಮಳೆಗಾಲ ನಿಂತೀತು, ಅಷ್ಟೇ. ಹಳೇ ಸ್ಕ್ರೂ ತೆಗೆದು ಒಂದು ಸೈಜು ದಪ್ಪದ್ದು, ಇಪಿಡಿಎಂ (ಬಿಸಿಲು ತಡೆಯೋ ರಬ್ಬರ್) ವಾಷರ್ ಇರೋದು ಹಾಕಿಸಿ. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಬೇಕು, ನೀರು ಹರಿಯೋ ತಗ್ಗಿನಲ್ಲಿ ಅಲ್ಲ. ವಾಷರ್ ಚಪ್ಪಟೆಯಾಗಿ ಹೊರಗೆ ಬರೋಷ್ಟು ಬಿಗಿ ಮಾಡಿದರೂ ಅದು ಬೇಗ ಸೀಳ್ತದೆ. ಇಷ್ಟು ನೋಡಿದ ಮೇಲೆ ಹೊಸ ಮಾಡಿನ ಮಾತು.

ಹೆಂಚಿಗೆ ಮಂಗನ ಕಾಟ ಇದ್ದೇ ಇದೆ. ನೂರು ಹೆಂಚು ದಾಸ್ತಾನು ಇಡಿ, ಅದೇ ಕಾರ್ಖಾನೆಯದ್ದೇ ಆಗಬೇಕು. ಬೇರೆ ಅಚ್ಚಿನದ್ದು ತಂದರೆ ಹಲ್ಲು ಕೂರೋದಿಲ್ಲ, ಸಂದಿಯಲ್ಲಿ ನೀರು ಇಳಿದು ರೀಪು, ಪಕಾಸಿ (ಹೆಂಚಿನಡಿಯ ಮರಗಳು) ಕುಂಬಾಗ್ತವೆ. ದಂಬೆಯಲ್ಲಿ (ಮಾಡಿನ ಅಂಚಿನ ನೀರಿನ ದೋಣಿಯಲ್ಲಿ) ಕೂತ ಎಲೆ ಮಳೆಗೆ ಮೊದಲು ಒಂದು ಸಲ, ಜುಲೈಯಲ್ಲಿ ಒಂದು ಸಲ ತೆಗೀಬೇಕು. ಎರಚಲು ಹೊಡೆಯೋ ಗೋಡೆಗೆ ಅಡಿಕೆ ಸೋಗೆಯ ತಟ್ಟಿ (ಮರೆ) ಕಟ್ಟಿದರೆ ಬಣ್ಣದ ಖರ್ಚು ಉಳೀತದೆ.

ಬಾಗಿಲು ಹಾಕಿಟ್ಟರೆ ಜಮಖಾನಕ್ಕೆ ಬೂಷ್ಟು. ಮಡಚಿ ಮೂಲೆಗೆ ಒಟ್ಟಬೇಡಿ, ಅಡ್ಡ ಗಳದ ಮೇಲೆ ಹಾಕಿ. ಬಿಸಿಲು ಬಿದ್ದ ದಿನ ಕಿಟಕಿ ತೆಗೆಯಿರಿ. ಆಂಪ್ಲಿಫೈಯರ್ ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಇಡಿ, ಒಳಗಿನ ತೇವ ಹೋಗ್ತದೆ. ಬಾಗಿಲು ತೆಗೆಯೋ ನೆಪಕ್ಕಾದರೂ ಮಳೆಗಾಲದಲ್ಲಿ ತಾಳಮದ್ದಳೆಗೆ, ಸ್ವಸಹಾಯ ಸಂಘದ ಸಭೆಗೆ ಅರ್ಧ ದಿನಕ್ಕೆ ₹500ಕ್ಕೆ ಕೊಡಿ.

ವೈರಿಂಗಿನಲ್ಲಿ ಎರಡು ಮಾತು. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಕಡಿತ ಮಾಡೋ ಸ್ವಿಚ್) ಬೇಕೇ ಬೇಕು, ಯಾಕಂದರೆ ಅಡುಗೆಮನೆ ನೆಲ ಯಾವಾಗಲೂ ಒದ್ದೆ, ಅಲ್ಲೇ ಗ್ರೈಂಡರ್ ತಿರುಗೋದು. ಜನರೇಟರಿಗೆ ಚೇಂಜ್‌ಓವರ್ ಸ್ವಿಚ್ (ಲೈನು ಇಲ್ಲವೇ ಜನರೇಟರ್, ಒಂದು ಸಲಕ್ಕೆ ಒಂದನ್ನೇ ಜೋಡಿಸೋದು) ಇಲ್ಲದಿದ್ದರೆ ಕರೆಂಟು ಹಿಂದಕ್ಕೆ ಲೈನಿಗೆ ಹೋಗಿ ಕಂಬದ ಮೇಲಿರೋ ಲೈನ್‌ಮನ್ ಜೀವಕ್ಕೇ ಅಪಾಯ.

ನೀರು: ತಲೆಗೆ 15 ಲೀಟರ್ ಹಿಡಿದರೂ 300 ಜನಕ್ಕೆ 4,500 ಲೀಟರ್. ಏಪ್ರಿಲ್‌ನಲ್ಲಿ ಬಾವಿ ತಳ ಕಾಣೋ ಹೊತ್ತಿಗೇ ಮದುವೆ ಸೀಸನ್. 5,000 ಲೀಟರಿನ ಟ್ಯಾಂಕ್ ಹಿಂದಿನ ರಾತ್ರಿಯೇ ತುಂಬಿರಬೇಕು.

ಕಡತ ನೋಡುವವರು:
ಅನುದಾನದ ವಿಚಾರ. ಶಾಸಕರ ನಿಧಿ, ಸಂಸದರ ನಿಧಿ, ಶಿವಮೊಗ್ಗದಲ್ಲೇ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ, ಈ ಮೂರು ಬಾಗಿಲು ತಟ್ಟಬಹುದು. ಸಾಮಾನ್ಯವಾಗಿ ಹಣ ಸಮಿತಿಯ ಕೈಗೆ ಬರುವುದಿಲ್ಲ, ಇಲಾಖೆಯೋ ಏಜೆನ್ಸಿಯೋ ಕೆಲಸ ಮಾಡಿಸುತ್ತದೆ. ಮನವಿಯ ಜೊತೆ ಸಭೆಯ ಠರಾವು, ಇಂಜಿನಿಯರ್ ಅಂದಾಜುಪಟ್ಟಿ, ಜಾಗದ ಇ-ಸ್ವತ್ತು ನಮೂನೆ (ಪಂಚಾಯ್ತಿಯ ಆಸ್ತಿ ದಾಖಲೆ) ಇಡಿ. ಮಲೆನಾಡಿನಲ್ಲಿ ಕಡತ ಮುಗ್ಗರಿಸುವುದು ಈ ಕೊನೆಯದರಲ್ಲಿ: ಭವನ ಸೊಪ್ಪಿನಬೆಟ್ಟದಲ್ಲೋ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಜಾಗ) ಕಾನಿನಲ್ಲೋ (ಕಾಡು) ಇದ್ದರೆ ಜಾಗಕ್ಕೆ ಖಾತೆಯೇ ಆಗುವುದಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ. ಕರೆಂಟ್ ಬಿಲ್ಲು, ಗುಡಿಸುವವರ ಕೂಲಿಗೆ ಯಾವ ನಿಧಿಯೂ ಕೊಡುವುದಿಲ್ಲ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ವಾರ್ಷಿಕ ಮಹಾಸಭೆ ಆದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಜಿಲ್ಲಾ ನೋಂದಣಾಧಿಕಾರಿಗೆ ಸೇರಬೇಕು. ನಾಲ್ಕು ವರ್ಷವನ್ನು ಒಟ್ಟಿಗೆ ಒಂದೇ ಹಾಳೆಯಲ್ಲಿ ಬರೆಸಬೇಡಿ. ವರ್ಷಕ್ಕೊಂದು ವರದಿ ಮಾಡಿಸಿ, ದಂಡ ಕಟ್ಟಿ ಸಲ್ಲಿಸಿ. ಅದಿಲ್ಲದೆ ಅನುದಾನದ ಅರ್ಜಿ ಹಾಕಿ ಪ್ರಯೋಜನ ಕಡಿಮೆ.

ಚಂದಾ ಬಗ್ಗೆ ಒಂದು ಮಾತು. ನಮ್ಮ ಭವನಗಳ ಫ್ಯಾನಿನ ರೆಕ್ಕೆ ರೆಕ್ಕೆಗೂ ದಾನಿಗಳ ಹೆಸರಿದೆ, ಫ್ಯಾನ್ ತಿರುಗಿಸುವ ಬಿಲ್ಲಿಗೆ ಮಾತ್ರ ದಾನಿ ಇಲ್ಲ. ದೇವಸ್ಥಾನದ ಶಾಶ್ವತ ಪೂಜೆಯ ಮಾದರಿಯಲ್ಲಿ ಶಾಶ್ವತ ನಿರ್ವಹಣಾ ನಿಧಿ ಮಾಡಿ. ₹10,000 ಕೊಟ್ಟವರ ಹಣ ಠೇವಣಿಯಲ್ಲಿ, ಅಸಲು ಮುಟ್ಟುವಂತಿಲ್ಲ ಅಂತ ಠರಾವು. ಬಡ್ಡಿ ಶೇ. 6.5 ಸಿಕ್ಕರೆ ವರ್ಷಕ್ಕೆ ₹650. ಅಂಥ 40 ಜನ ಆದರೆ ₹26,000, ಮಳೆಗಾಲದ ಬಿಲ್ಲಿಗೆ ಸಾಕು. ಕೇಳಲು ಹೋಗುವುದು ಅಡಿಕೆ ಮಂಡಿಗೆ ಹೋಗಿ ದುಡ್ಡು ಬಂದ ಮೇಲೆ, ಅಡಿಕೆ ಗೊನೆ ಕೊಯ್ಯುವ ಗಡಿಬಿಡಿಯಲ್ಲಲ್ಲ.

ಹೊಸನಗರದ ಕಡೆಯವ:
ಎಲ್ಲರಿಗೂ ಧನ್ಯವಾದ. ಇನ್ನೊಂದು: ಸೂತಕ ಬಂದು ಕಾರ್ಯಕ್ರಮ ನಿಂತರೆ ಹಣ ವಾಪಸ್ ಕೊಡಬೇಕಾ? ಪ್ರತಿ ಸಲ ಇದೇ ಜಗಳ.

ಲೆಕ್ಕದ ಪುಸ್ತಕ:
ಡಿಪಾಸಿಟ್ಟು ಪೂರ್ತಿ ವಾಪಸ್. ಬಾಡಿಗೆಯನ್ನು ಒಂದು ವರ್ಷದೊಳಗೆ ಬೇರೆ ದಿನಕ್ಕೆ ಹೊಂದಿಸಿಕೊಡಿ, ನಗದು ಕೊಡೋದು ಬೇಡ. ಬೇರೆ ಕಾರಣಕ್ಕೆ ರದ್ದು ಮಾಡಿದರೆ, 30 ದಿನ ಮೊದಲೇ ಹೇಳಿದವರಿಗೆ ಅರ್ಧ, ಆಮೇಲೆ ಹೇಳಿದವರಿಗೆ ಇಲ್ಲ. ಈ ಸಾಲುಗಳನ್ನು ರಸೀದಿಯ ಹಿಂದೆ ಅಚ್ಚು ಹಾಕಿಸಿ, ಬುಕ್ ಮಾಡುವಾಗಲೇ ಸಹಿ ತಗೊಳ್ಳಿ.