ಹತ್ತು ವರ್ಷದ ನುಡಿ ಫೈಲುಗಳಿವೆ, ಲಿನಕ್ಸ್ ಹಾಕಿಸಬಹುದಾ?

ಪ್ರಶ್ನೆ (ಮಂಡ್ಯದಿಂದ): ನಮಸ್ಕಾರ ಸರ್. ಮನೆಯಲ್ಲೇ ಟೈಪಿಂಗ್ ಮಾಡ್ಕೊಡ್ತೀನಿ. ಅರ್ಜಿ, ಲಗ್ನಪತ್ರಿಕೆ, ಸಂಘದ ನಡಾವಳಿ ಇಂಥವು. 2014ರಲ್ಲಿ ತಗೊಂಡ ಕಂಪ್ಯೂಟರ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಅಂಗಡಿಯವರು ಇದಕ್ಕೆ 11 ಹಾಕೋಕಾಗಲ್ಲ, ಹೊಸದೇ ತಗೊಳ್ಳಿ ಅಂತಾರೆ. ಮಗ ವಿಂಡೋಸ್ ಬದಲು ಲಿನಕ್ಸ್ ಹಾಕಮ್ಮ ಅಂತಾನೆ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಫೈಲುಗಳು ಹೋದ್ರೆ ನನ್ನ ಕೈ ಮುರಿದಂಗೆ. ಏನ್ಮಾಡ್ಲಿ?

ಉತ್ತರ (ಮೈಸೂರು, ಕಂಪ್ಯೂಟರ್ ಸರ್ವಿಸ್): ಮೇಡಂ, ಮಗ ಹೇಳಿದ್ದು ಸರಿ, ಅವಸರ ಮಾತ್ರ ಬೇಡ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರ್ರೇ ಬೇಕು. ನಿಮ್ಮದರಲ್ಲಿ ಅದಿರಲ್ಲ. ಹಾಗಂತ ಗುಜರಿಗೆ ಹಾಕಬೇಡಿ. ಲಿನಕ್ಸ್ ಮಿಂಟ್‌ನಲ್ಲಿ ಎಕ್ಸ್‌ಎಫ್‌ಸಿಇ ಅಂತ ಹಗುರವಾದ ಆವೃತ್ತಿ ಇದೆ, 4 ಜಿಬಿಯಲ್ಲಿ ಓಡುತ್ತೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆ ಉಳಿದ ದುಡ್ಡಲ್ಲಿ ಹಳೇ ಡಿಸ್ಕಿಗಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

ನಿಮ್ಮ ನಿಜವಾದ ತಲೆನೋವು ನುಡಿ. ಹಳೇ ನುಡಿ ಫೈಲೊಳಗೆ ಇರೋದೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ನುಡಿ ಫಾಂಟ್ ಅದಕ್ಕೆ ಕನ್ನಡದ ವೇಷ ಕಟ್ಟಿರುತ್ತೆ. ಫಾಂಟ್ ಇಲ್ಲದ ಕಡೆ ತೆಗೆದ್ರೆ ವೇಷ ಕಳಚುತ್ತೆ, ಏನೇನೋ ಗೀಚಿದ ಹಾಗೆ ಕಾಣುತ್ತೆ. ಎಷ್ಟೋ ಜನ ಇದನ್ನ ನೋಡಿ ಫೈಲೇ ಕೆಟ್ಟೋಯ್ತು ಅಂತ ಅಳಿಸಿಬಿಡ್ತಾರೆ! ನುಡಿಯ ಟಿಟಿಎಫ್ ಫಾಂಟುಗಳನ್ನ ಲಿನಕ್ಸಿಗೆ ಹಾಕ್ಕೊಂಡ್ರೆ ಅಲ್ಲಿ ವರ್ಡ್ ಥರ ಇರೋ ಲಿಬ್ರೆ ಆಫೀಸಲ್ಲಿ ಓದೋಕೆ ಬರುತ್ತೆ. ಆದ್ರೆ ಪದೇಪದೇ ತಿದ್ದೋ ಫೈಲುಗಳನ್ನ ವಿಂಡೋಸ್ ಇರುವಾಗಲೇ ಕನ್ವರ್ಟರಲ್ಲಿ ಯೂನಿಕೋಡಿಗೆ, ಅಂದ್ರೆ ಒಳಗೂ ನಿಜವಾದ ಕನ್ನಡ ಅಕ್ಷರಕ್ಕೆ, ಬದಲಾಯಿಸ್ಕೊಳ್ಳಿ. ಬದಲಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಒಂದ್ಸಲ ಕಣ್ಣಾಡಿಸಿ. ಲಗ್ನಪತ್ರಿಕೆಯಲ್ಲಿ ಗಂಡಿನ ಹೆಸರು ತಪ್ಪಾದ್ರೆ ಬೈಗುಳ ನಿಮಗೇ ತಾನೆ.

ಟೈಪಿಂಗ್ ಹೊಸದಾಗಿ ಕಲಿಯೋದೇನಿಲ್ಲ. ಲಿನಕ್ಸಲ್ಲಿ ಕನ್ನಡ ಟೈಪಿಂಗಿಗೆ ಇರೋ ಐಬಸ್‌ನಲ್ಲಿ ನುಡಿಯಲ್ಲಿರೋ ಅದೇ ಕಗಪ ಕೀಲಿಮಣೆ ಸಿಗುತ್ತೆ. ಒತ್ತಿಗೆ ಎಫ್ ಒತ್ತೋ ಅಭ್ಯಾಸ ಹಾಗೇ ನಡೆಯುತ್ತೆ.

ಪ್ರಶ್ನೆ (ಮಂಡ್ಯ): ಜೀವ ಬಂತು ಸರ್. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900, ಅದು ನಡೆಯುತ್ತಾ?

ಉತ್ತರ: ಇದನ್ನ ಮೊದಲೇ ಹೇಳ್ಬೇಕಿತ್ತು ಮೇಡಂ! ಅದು ಕ್ಯಾಪ್ಟ್ ಅನ್ನೋ ತನ್ನದೇ ಭಾಷೆಯಲ್ಲಿ ಮಾತಾಡೋ ಪ್ರಿಂಟರ್. ಕೇಬಲ್ ಸಿಕ್ಕಿಸಿದ ತಕ್ಷಣ ನಡೆಯಲ್ಲ, ಬೇರೆ ಡ್ರೈವರ್ ಹಾಕಬೇಕು, ಅದು ಕಿರಿಕಿರಿ. ನಿಮ್ಮ ಸಂಪಾದನೆ ಪ್ರಿಂಟ್ ಮೇಲೇ ನಿಂತಿರೋದ್ರಿಂದ ವಿಂಡೋಸನ್ನ ಪೂರ್ತಿ ಅಳಿಸಬೇಡಿ. ಎರಡನ್ನೂ ಒಟ್ಟಿಗೆ ಇಟ್ಕೊಳ್ಳಿ. ಲಿನಕ್ಸಲ್ಲಿ ಪಿಡಿಎಫ್ ಮಾಡಿ, ವಿಂಡೋಸಲ್ಲಿ ಅಪ್‌ಡೇಟ್ ಬರದ ಕಾರಣ ನೆಟ್ ಆಫ್ ಮಾಡಿ ಪ್ರಿಂಟ್ ಕೊಡಿ.

ಪ್ರಶ್ನೆ (ಶ್ರೀರಂಗಪಟ್ಟಣದಿಂದ): ಅಣ್ಣ, ನಮ್ಮ ಗೊಬ್ಬರದಂಗಡಿ ಲೆಕ್ಕ ಟ್ಯಾಲಿಯಲ್ಲಿದೆ. ನಾನೂ ಬದಲಾಯಿಸ್ಲಾ?

ಉತ್ತರ: ಬೇಡ. ಟ್ಯಾಲಿ ವಿಂಡೋಸಿಗೇ ಮಾಡಿದ್ದು. ಅಂಗಡಿ ಲೆಕ್ಕದ ಮೇಲೆ ಪ್ರಯೋಗ ಮಾಡೋಕೆ ಹೋಗ್ಬೇಡ.

ಪ್ರಶ್ನೆ (ಮಂಡ್ಯ): ಹಾಕೋಕೆ ಮುಂಚೆ ನೋಡೋಕಾಗುತ್ತಾ ಸರ್?

ಉತ್ತರ: ಆಗುತ್ತೆ. 8 ಜಿಬಿ ಪೆನ್‌ಡ್ರೈವಿಗೆ ಮಿಂಟ್ ಬರೆದುಕೊಂಡು ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ಹಾರ್ಡ್‌ಡಿಸ್ಕಿಗೆ ಏನೂ ಆಗಲ್ಲ, ಸ್ವಲ್ಪ ನಿಧಾನ ಅಷ್ಟೇ. ಇನ್‌ಸ್ಟಾಲ್ ಗುಂಡಿ ಮಾತ್ರ ಒತ್ತಬೇಡಿ. ವೈಫೈ, ಸೌಂಡ್, ಒಂದು ನುಡಿ ಫೈಲು ನೋಡಿ. ಅದಕ್ಕೂ ಮುಂಚೆ ಎಲ್ಲಾ ಫೈಲು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಆಗಿರಲಿ. ಭಾನುವಾರ ಮಗನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿ, ವೈಫೈ ಸಿಕ್ತಾ ಇಲ್ವಾ ಇಲ್ಲೇ ಬರೀರಿ.