ಸಹಾಯ ಬೇಕು: ದುನಾಊಯ್‌ವಾರೋಶ್‌ನ ಫುಟ್‌ಬಾಲ್ ಕ್ಲಬ್ ಒಂದೋ, ಎರಡೋ?

ಎಲ್ಲರಿಗೂ ನಮಸ್ಕಾರ. ಹಂಗೇರಿಯ ಸಣ್ಣ ಊರುಗಳ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ದುನಾಊಯ್‌ವಾರೋಶ್‌ನ ವಿಷಯದಲ್ಲಿ ಮುಂದೆ ಹೋಗಲಾಗದೆ ನಿಂತಿದ್ದೇನೆ.

ಡ್ಯಾನ್ಯೂಬ್ ದಂಡೆಯ ಈ ಉಕ್ಕಿನ ಊರು 1951ರಿಂದ 1961ರವರೆಗೆ ಸ್ಟಾಲಿನ್ ಹೆಸರನ್ನು ಹೊತ್ತಿತ್ತು. ಇಲ್ಲಿನ ಉಕ್ಕು ಕಾರ್ಖಾನೆಯ ಬೆಂಬಲದಿಂದ ಬೆಳೆದ ದುನಾಫೆರ್ ತಂಡವು ಶಾಂದೋರ್ ಎಗೆರ್ವಾರಿ ಅವರ ತರಬೇತಿಯಲ್ಲಿ 1999–2000ರ ಹಂಗೇರಿಯ ಮೊದಲ ಶ್ರೇಣಿಯ ಲೀಗ್ ಗೆದ್ದು, ಯುರೋಪಿನ ಕ್ಲಬ್‌ಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ಕ್ರೊಯೇಷಿಯಾದ ಹೈದುಕ್ ಸ್ಪ್ಲಿಟ್ ತಂಡವನ್ನು ಸೋಲಿಸಿ, ಬಳಿಕ ನಾರ್ವೆಯ ರೋಸೆನ್‌ಬೋರ್ಗ್‌ಗೆ ಮಣಿಯಿತು. ಬುಡಾಪೆಸ್ಟ್‌ನ ದೊಡ್ಡ ಕ್ಲಬ್‌ಗಳ ನಡುವೆ ಇದು ಅಸಾಮಾನ್ಯ ಸಾಧನೆಯೆಂದೇ ನನ್ನ ಭಾವನೆ. ಮರುವರ್ಷ ಎರಡನೇ ಸ್ಥಾನ ಪಡೆದ ತಂಡ 2003ರಲ್ಲಿ ಮೊದಲ ಶ್ರೇಣಿಯಿಂದ ಇಳಿದು, ಕೆಲವು ವರ್ಷಗಳಲ್ಲಿ ಮುಚ್ಚಿಹೋಯಿತು.

ತೊಡಕು ಇಲ್ಲಿಂದ ಶುರುವಾಗುತ್ತದೆ. 2014–15ರ ಮೊದಲ ಶ್ರೇಣಿಯ ಪಟ್ಟಿಯಲ್ಲಿ ಮತ್ತೆ ಅದೇ ಊರಿನ ಹೆಸರಿದೆ. ಆದರೆ ಆಡಿದ್ದು ದುನಾಊಯ್‌ವಾರೋಶ್ ಪಾಶೆ ಎಂಬ ಬೇರೆ ಕ್ಲಬ್, ಅದೂ ಒಂದೇ ಋತುವಿನಲ್ಲಿ ಕೆಳಗಿಳಿಯಿತು. ವರ್ಷವಾರು ಲೀಗ್ ಪಟ್ಟಿಗಳನ್ನು ಹೋಲಿಸಿದೆ, ಹಂಗೇರಿಯನ್ ಬರಹಗಳನ್ನು ಯಂತ್ರಾನುವಾದದಲ್ಲಿ ಓದಿದೆ. ಕೆಲವರು ಎರಡನ್ನೂ ಒಂದೇ ಇತಿಹಾಸವಾಗಿ ಬರೆಯುತ್ತಾರೆ, ಕೆಲವರು ಬೇರೆಬೇರೆಯಾಗಿ.

ಹಂಗೇರಿಯ ಫುಟ್‌ಬಾಲನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ತಿಳಿಸಿ: 2000ದ ಪ್ರಶಸ್ತಿಯನ್ನು ಪಾಶೆಯ ಲೆಕ್ಕಕ್ಕೂ ಸೇರಿಸಬಹುದೇ, ಅಥವಾ ಎರಡು ಪ್ರತ್ಯೇಕ ಕೋಷ್ಟಕಗಳನ್ನು ಕೊಡಬೇಕೇ? ಅಲ್ಲಿನ ಫುಟ್‌ಬಾಲ್ ಒಕ್ಕೂಟವು ಉತ್ತರಾಧಿಕಾರವನ್ನು ಯಾವ ಆಧಾರದ ಮೇಲೆ ಒಪ್ಪುತ್ತದೆ?